ಬಲೆ ಸರಿಸುವ ಕೋಲು

ಇಲ್ಲಿ ಕಾಡಿಗೆ ಹೋಗುವವರ ಕೈಯಲ್ಲಿ ಒಂದು ಕೋಲಿರುತ್ತದೆ.
ಹಾವಿಗಲ್ಲ.
ಮುಖದೆತ್ತರಕ್ಕೆ ಹಿಡಿದು ಗಾಳಿ ಗೀರುತ್ತ ನಡೆಯಬೇಕು,
ಇಲ್ಲವಾದರೆ ಹೆಜ್ಜೆಗೊಂದು ಜೇಡನ ಬಲೆ
ಹುಬ್ಬಿಗೆ, ತುಟಿಗೆ, ಕಣ್ಣರೆಪ್ಪೆಗೆ.
ಗುವಾಮಿನ ಮಕ್ಕಳಿಗೆ ಕಾಡೆಂದರೆ ಇದೇ:
ಮೌನ, ಮತ್ತೆ ಅಂಟು.

ಜೇಡನನ್ನು ಹೆಕ್ಕುವ ಕೊಕ್ಕುಗಳಿದ್ದಾಗ
ಕೋಲು ಬೇಕಿರಲಿಲ್ಲವಂತೆ.
ಅಜ್ಜಿ, ತಾನ್ ಎಂಗ್ರಾಸ್ಯಾ, ಬರಿಗೈಯಲ್ಲಿ ಹೋಗಿ
ಮಡಿಲ ತುಂಬ ಮೆಣಸು ತರುತ್ತಿದ್ದಳು.
ಕಾಡಿನಂಚಿಗೆ ನಿಂತು ಮೊದಲು ಹಿರೀಕರಿಗೆ ಹೇಳುವುದು:
ಅಜ್ಜಾ, ಅಜ್ಜೀ, ನಿಮ್ಮ ಮನೆಯೊಳಗೆ ಬರುತ್ತಿದ್ದೇವೆ,
ಅಪ್ಪಣೆ ಕೊಡಿ.
ಉತ್ತರ ಬರುತ್ತಿತ್ತು, ಎನ್ನುತ್ತಾಳೆ, ಹತ್ತು ಕೊರಳಲ್ಲಿ.
ಈಗಲೂ ಕೇಳುತ್ತಾಳೆ. ಕೇಳಿ, ಕಾಯುತ್ತಾಳೆ.
ನಾನು ಕೋಲು ಹಿಡಿದು ಹಿಂದೆ ನಿಂತಿರುತ್ತೇನೆ.

ನಾನು ಲೈನ್‌ಮನ್. ಕಾಸಿಮಿರೊ ತೈಮಂಗ್ಲೊ.
ಕರೆಂಟು ಹೋದರೆ ಕಂಬ ಹತ್ತುವವನು.
ಎಷ್ಟೋ ಸಲ ಮೇಲೆ ಸಿಗುವುದು ಅದೇ,
ತಂತಿಯಿಂದ ತಂತಿಗೆ ಚಾಚಿಕೊಂಡು
ಸುಟ್ಟು ಕರಕಲಾದ ಕಂದು ಹಾವು,
ಬಾಯಿ ತೆರೆದೇ ಇರುತ್ತದೆ, ಇನ್ನೂ ಗೂಡು ಹುಡುಕುವಂತೆ.
ಇಕ್ಕಳದಿಂದ ಎಳೆದು ಕೆಳಗೆಸೆಯುತ್ತೇನೆ.
ಆಸ್ಪತ್ರೆಯ ದೀಪ ಹತ್ತುತ್ತದೆ. ಯಾರದೋ ಟಿ.ವಿ. ಮಾತಾಡುತ್ತದೆ.
ಮೊದಮೊದಲು ಬಯ್ಯುತ್ತಿದ್ದೆ,
ಕಾಡು ನುಂಗಿದ ಮುಂಡೇದೇ, ಎಂದು.

ಅದು ಈಜಿ ಬಂದದ್ದಲ್ಲ, ಅಂದಳು ಅಜ್ಜಿ.
ಯುದ್ಧ ಮುಗಿದ ಮೇಲೆ ಹಡಗುಗಳು ಬಂದವು:
ಜೀಪು, ತಗಡು, ಬಿಚ್ಚಿದ ಎಂಜಿನ್ನು,
ಅವುಗಳ ಮಡಿಕೆಯಲ್ಲೆಲ್ಲೋ ಸುತ್ತಿ ಮಲಗಿತ್ತು.
ಅದಕ್ಕೇನು ಗೊತ್ತು ಅಪ್ಪಣೆ ಕೇಳಬೇಕೆಂದು.
ಹಡಗಿನವರಿಗೆ ಗೊತ್ತಿರಬೇಕಿತ್ತು.
ಆಮೇಲೆ, ತುಸು ಹೊತ್ತು ಬಿಟ್ಟು, ಮೆಲ್ಲಗೆ:
ದಡದಲ್ಲಿ ಕೈಬೀಸಿದವರಲ್ಲಿ ನಾನೂ ಇದ್ದೆ ಕಣೋ.
ಮಾಂಸದ ಡಬ್ಬಿ ಕೊಡುತ್ತಿದ್ದರು. ಹಸಿವಿತ್ತು.

ಹಕ್ಕಿಗಳಿಗೆ ಹಾವೆಂದರೇನೆಂದು ತಿಳಿದಿರಲಿಲ್ಲ.
ಹಗಲು ಹಾಡಿ ರಾತ್ರಿ ಗೂಡಿನಲ್ಲಿ ಕೂತವು,
ಎಂದಿನಂತೆ.
ಚುಗ್ವಾಂಗ್ವಾಂಗ್ ಎಂಬ ಪುಟ್ಟದೊಂದು
ಈ ದ್ವೀಪ ಬಿಟ್ಟು ಬೇರೆಲ್ಲೂ ಇರಲಿಲ್ಲ.
ಈಗ ಇಲ್ಲಿಯೂ ಇಲ್ಲ.
ನಮ್ಮ ಮಿಂಚುಳ್ಳಿ ಬದುಕಿದ್ದು ದೂರದ ಪಂಜರಗಳಲ್ಲಿ,
ಸಮುದ್ರ ಕಾಣದ ಊರುಗಳಲ್ಲಿ.
ಹಣ್ಣು ಹೊತ್ತು ಹಾರುವವರಿಲ್ಲದೆ
ಕಾಡು ದೀವಿಹಲಸಿನ ಬೀಜ ತಾಯ ಬುಡಕ್ಕೇ ಬಿದ್ದು
ತಾಯ ನೆರಳಲ್ಲೇ ಕೊಳೆಯುತ್ತದೆ.

ಸರಕಾರ ಸತ್ತ ಇಲಿಗಳಿಗೆ ಜ್ವರದ ಮಾತ್ರೆ ತುರುಕಿ
ಕಾಗದದ ಬಾಲ ಕಟ್ಟಿ
ಹೆಲಿಕಾಪ್ಟರಿನಿಂದ ಉದುರಿಸಿತು, ಹಾವು ತಿಂದು ಸಾಯಲೆಂದು.
ನಗಬೇಡಿ.
ತೂಗಾಡುತ್ತ ಇಳಿದವು ಇಲಿಗಳು.
ಆ ಮರಗಳ ಮೇಲೆ ಬಹಳ ವರ್ಷಕ್ಕೆ ಹಾರಿದ್ದು ಅವೇ.
ಕೆಲವು ಹಾವು ಸತ್ತವು. ಬಹಳ ಉಳಿದವು.
ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.
ಕೋಲು ಇದೆ, ನೋಡಿ, ನನ್ನ ಕೈಯಲ್ಲೇ.

ಅಜ್ಜಿಯ ಮೆಣಸಿಗೆ ಹಕ್ಕಿಯದೇ ಹೆಸರು: ಸಾಲಿಯ ಮೆಣಸು.
ಸಾಲಿ ತಿಂದು, ಹಾರಿ, ಹಿಕ್ಕೆ ಹಾಕಿದಲ್ಲೆಲ್ಲ ಮೊಳೆಯುತ್ತಿತ್ತು.
ಈಗ ಆ ಕೆಲಸ ಅವಳದು.
ಖಾಲಿ ಮಾಂಸದ ಡಬ್ಬಿಗೆ ಮಣ್ಣು ತುಂಬಿ
ಒಂದೊಂದೇ ಬೀಜ ಒತ್ತುತ್ತಾಳೆ, ನಡುಗುವ ಬೆರಳಲ್ಲಿ.

ಸಾಲಿ ಉಳಿದಿರುವುದು ಹೆಚ್ಚಾಗಿ ವಾಯುನೆಲೆಯ ಬೇಲಿಯೊಳಗೆ.
ನನಗೆ ಪಾಸಿದೆ. ಅಜ್ಜಿಗಿಲ್ಲ.
ಹೋದ ವಾರ ಕಂಡೆ: ಹೊಳೆವ ಕರಿ ಮೈ, ಹಳದಿ ಕಣ್ಣು,
ಪಪ್ಪಾಯಿಯಲ್ಲಿ ಕುತ್ತಿಗೆವರೆಗೆ ಮುಳುಗಿತ್ತು.
ಸಂಜೆ ಬಂದು ಹೇಳಿದೆ.
ಏನಂದಿತು? ಎಂದಳು, ಕೈ ತಡೆದು.
ಜನರೇಟರು ಹೊಡೆದುಕೊಳ್ಳುತ್ತಿತ್ತು, ಕೇಳಿರಲಿಲ್ಲ.
ಕೇಳಿದ್ದರೂ ನನಗೆ ಆ ಮಾತು ಬಾರದು.
ಚೆನ್ನಾಗಿದ್ದಾರಂತೆ, ಅಂದೆ.

ಅವಳು ನನ್ನ ಮುಖವನ್ನೇ ನೋಡಿದಳು.
ಮೊಳೆತ ಡಬ್ಬಿಯೊಂದನ್ನು ನನ್ನ ಕಡೆ ತಳ್ಳಿದಳು:
ನಾಳೆ ಒಳಗೆ ಒಯ್ದು ಇಡು.
ಅಪ್ಪಣೆ ಕೇಳಿ ಇಡು.
ಗೇಟಿನವನದಲ್ಲ.